ಈಚಲ ಮರದ ಕೆಳಗಿನ ಮಜ್ಜಿಗೆ: ಮದ್ಯ, ಮಿದುಳು ಮತ್ತು ಸಿರವಾರ ಸೀಮೆಯ ತಿಳಿವಳಿಕೆ

ರಾಯಚೂರು ಜಿಲ್ಲೆಯ ಸಿರವಾರ, ಮಾನ್ವಿ, ದೇವದುರ್ಗ ಸೀಮೆಯ ಆಡುಮಾತಿನಲ್ಲಿ ಸಾರಾಯಿಗೆ ‘ಸೆರೆ’ ಎಂಬ ಹೆಸರಿದೆ. ಬಂಧನಕ್ಕೂ ಕನ್ನಡದಲ್ಲಿ ಅದೇ ಶಬ್ದ. ಇವೆರಡೂ ಬೇರೆ ಬೇರೆ ಮೂಲದಿಂದ ಬಂದು ಒಂದೇ ಉಚ್ಚಾರಕ್ಕೆ ನಿಂತ ಮಾತುಗಳಾದರೂ ಬಳಸುವ ಜನ ಎರಡರ ನಡುವಿನ ನಂಟನ್ನು ಅರಿಯದವರಲ್ಲ. ‘ಸೊಕ್ಕು’ ಎಂಬ ಮಾತಿನ ಚರಿತ್ರೆಯೂ ಗಮನಾರ್ಹವಾದುದು. ಹಿಂದೆ ಅಮಲೇರುವುದನ್ನೂ ಮದವೇರುವುದನ್ನೂ ಸೂಚಿಸುತ್ತಿದ್ದ ಈ ಪದ ಇಂದಿನ ಬಳಕೆಯಲ್ಲಿ ಬಹುಮಟ್ಟಿಗೆ ಅಹಂಕಾರವೆಂಬ ಅರ್ಥಕ್ಕೆ ಸೀಮಿತವಾಗಿದೆ. ಕುಡಿತಕ್ಕೆ ಸಂಬಂಧಿಸಿದ ಜನಪದ ಶಬ್ದಸಂಪತ್ತು ಹೀಗೆ ಬಹುತೇಕ ನಡತೆಯ ಶಬ್ದಸಂಪತ್ತಾಗಿದೆ. ಅದು ಕುಡಿದವನ ಗುಣವನ್ನು ಹೇಳುತ್ತದೆ. ಅವನ ದೇಹಕ್ಕೆ ಒದಗಿರಬಹುದಾದ ರೋಗವನ್ನು ಹೇಳುವುದು ಕಡಿಮೆ.

ಆದರೆ ಇದೇ ಪರಂಪರೆಯಲ್ಲಿ ಈ ನೋಟವನ್ನು ಪ್ರಶ್ನಿಸುವ ಗಾದೆಯೊಂದೂ ಇದೆ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆ ಎಂಬುದು ಕನ್ನಡ ನಾಡಿನ ಎಲ್ಲ ಭಾಗಗಳಲ್ಲಿಯೂ ಕೇಳಿಬರುವ ಮಾತು. ಸಾಮಾನ್ಯವಾಗಿ ಇದನ್ನು ಸಹವಾಸದ ಎಚ್ಚರಿಕೆಯಾಗಿ ಅರ್ಥೈಸಲಾಗುತ್ತದೆ. ಗಾದೆಯ ಇನ್ನೊಂದು ಮುಖವನ್ನು ನೋಡಿದರೆ ಅಲ್ಲಿರುವುದು ನೋಡುವವರ ದೋಷ. ಮರ ಕಂಡೊಡನೆ ಪಾತ್ರೆಯೊಳಗೇನಿದೆ ಎಂದು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಮದ್ಯ ಮಿದುಳಿಗೆ ಮಾಡುವ ಹಾನಿಯನ್ನು ಕುರಿತ ವೈದ್ಯಕೀಯ ಸಂಶೋಧನೆಯ ಚರಿತ್ರೆಯನ್ನು ಪರಿಶೀಲಿಸಿದರೆ, ನೂರು ವರ್ಷಗಳ ಕಾಲ ವೈದ್ಯಲೋಕವೂ ಇದೇ ದೋಷಕ್ಕೆ ಒಳಗಾಗಿದ್ದುದು ತಿಳಿದುಬರುತ್ತದೆ. ಆ ದೋಷವನ್ನು ಲೆಕ್ಕಹಾಕಿ ತೋರಿಸಿದವರು ನ್ಯೂರೋಪೆಥಾಲಜಿ ಎಂದು ಕರೆಯಲಾಗುವ ನರರೋಗನಿದಾನ ಶಾಸ್ತ್ರದ ಪರಿಣತರು. ಅವರಲ್ಲಿ ಆಸ್ಟ್ರೇಲಿಯಾದ ಕ್ಲೈವ್ ಹಾರ್ಪರ್ ಅವರ ಹೆಸರು ಮುಖ್ಯವಾದುದು.

ರೋಗದ ಹೆಸರು ಮತ್ತು ಕಾರಣ

1881ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವರ್ನಿಕೆ ಮೂವರು ರೋಗಿಗಳ ವೃತ್ತಾಂತವನ್ನು ದಾಖಲಿಸಿದರು. ಕಣ್ಣುಗುಡ್ಡೆಗಳ ಚಲನೆ ತಪ್ಪುವುದು, ನಡಿಗೆ ತೂರಾಡುವುದು, ಮನಸ್ಸು ಗೊಂದಲಕ್ಕೀಡಾಗುವುದು ಈ ರೋಗದ ಮೂರು ಲಕ್ಷಣಗಳು. ಮೂವರೂ ತೀರಿಕೊಂಡರು, ಮೂವರ ಮಿದುಳಿನ ಒಳಭಾಗದಲ್ಲಿಯೂ ಸಣ್ಣ ಸಣ್ಣ ರಕ್ತಸ್ರಾವಗಳು ಕಂಡವು. ಇವರಲ್ಲಿ ಇಬ್ಬರು ವಿಪರೀತ ಕುಡಿಯುತ್ತಿದ್ದ ಗಂಡಸರು. ಮೂರನೆಯವಳು ಗಂಧಕಾಮ್ಲ ನುಂಗಿ, ಆ ಬಳಿಕ ಆಹಾರ ದಕ್ಕದೆ ಬಳಲಿದ್ದ ಹೊಲಿಗೆಯ ಹೆಣ್ಣುಮಗಳು. ಕುಡಿತದ ಸೋಂಕಿಲ್ಲದ ಆಕೆಗೂ ಕುಡುಕರಿಗೆ ಬಂದ ರೋಗವೇ ಬಂದಿತ್ತು. ರೋಗದ ಬೀಜ ಮದ್ಯದಲ್ಲಷ್ಟೇ ಅಲ್ಲದೆ ಅನ್ನದ ಕೊರತೆಯಲ್ಲಿಯೂ ಇದೆಯೆಂಬ ಸುಳಿವು ಮೊದಲ ದಾಖಲೆಯಲ್ಲಿಯೇ ಇದ್ದಿತು. ಆ ಸುಳಿವನ್ನು ಹಿಡಿಯಲು ಮುಂದೆ ಅರ್ಧ ಶತಮಾನಕ್ಕಿಂತ ಹೆಚ್ಚಿನ ಕಾಲ ಬೇಕಾಯಿತು.

1887ರಲ್ಲಿ ರಷ್ಯಾದ ಸೆರ್ಗೈ ಕೊರ್ಸಕಾಫ್ ಇದೇ ಬಗೆಯ ರೋಗಿಗಳಲ್ಲಿ ಕಾಣುವ ವಿಚಿತ್ರ ಮರೆವನ್ನು ವಿವರಿಸಿದರು. ಹಳೆಯದು ಬಹುಪಾಲು ನೆನಪಿದ್ದರೂ ಇವರಲ್ಲಿ ಹೊಸದು ನಿಲ್ಲುವುದಿಲ್ಲ. ನೆನಪಿನ ನಡುವಣ ತೆರವನ್ನು ರೋಗಿ ಇಲ್ಲದ ಸಂಗತಿಗಳಿಂದ ತುಂಬುತ್ತಾನೆ. ನಿನ್ನೆ ಎಲ್ಲಿದ್ದೆ ಎಂದು ಕೇಳಿದರೆ ಹೋಗದ ಜಾತ್ರೆಗೆ ಹೋಗಿದ್ದೆನೆನ್ನುತ್ತಾನೆ. ಅದು ಸುಳ್ಳಲ್ಲ, ಹೇಳುವವನಿಗೇ ಅದು ಸುಳ್ಳೆಂದು ತಿಳಿಯದು. ಹಳ್ಳಿಗಳಲ್ಲಿ ಕುಡುಕನ ಬೊಗಳೆಯೆಂದು ತಳ್ಳಿಹಾಕುವ ಮಾತುಗಳಲ್ಲಿ ಕೆಲವಾದರೂ ಈ ಜಾತಿಗೆ ಸೇರಿದವುಗಳಾಗಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು.

ಅನ್ನದ ಕಡೆಯ ಎಳೆಯನ್ನು ಹಿಡಿದವರು ಬೇರೆಯವರು. ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಪಾಲಿಷ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡು ಕೊಟ್ಟರೆ ಅವು ಚೇತರಿಸಿಕೊಳ್ಳುವುದನ್ನೂ 1890ರ ದಶಕದಲ್ಲಿ ಕಂಡರು. ತೌಡಿನಲ್ಲಿದ್ದ ಆ ಸತ್ವವನ್ನು ಜಾನ್ಸೆನ್ ಮತ್ತು ಡೊನಾಥ್ 1926ರಲ್ಲಿ ಬೇರ್ಪಡಿಸಿದರು. 1936ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು 1886ರಲ್ಲಿ, ಇಂದಿನ ಆಂಧ್ರಪ್ರದೇಶದ ನೆಲ್ಲೂರಿನಲ್ಲಿ. ಥಯಾಮಿನ್ ಅಥವಾ ಬಿ1 ಜೀವಸತ್ವವೆಂದು ಹೆಸರಾದ ಈ ವಸ್ತುವಿಲ್ಲದೆ ಮಿದುಳು ಸಕ್ಕರೆಯನ್ನು ಶಕ್ತಿಯಾಗಿ ಮಾರ್ಪಡಿಸಲಾರದು. ದೇಹದಲ್ಲಿ ಇದರ ದಾಸ್ತಾನು ಸುಮಾರು 30 ಮಿಲಿಗ್ರಾಂ ಮಾತ್ರ; ಪೂರೈಕೆ ನಿಂತರೆ ಎರಡು ಮೂರು ವಾರಗಳಲ್ಲಿ ಅದು ಬರಿದಾಗುತ್ತದೆ. ಮದ್ಯವು ಕರುಳಿನಲ್ಲಿ ಥಯಾಮಿನ್ ಹೀರಿಕೆಯನ್ನು ತಡೆಯುತ್ತದೆ. ಜೊತೆಗೆ ಕುಡಿಯುವವನ ಹಸಿವನ್ನೂ ಕೊಲ್ಲುತ್ತದೆ. ಹೀಗಾಗಿ ಹಾನಿ ಎರಡು ದಾರಿಯಿಂದ ಬರುತ್ತದೆ.

ಹಾರ್ಪರ್ ಅವರ ಸಂಶೋಧನೆ

1970ರ ದಶಕದ ವೇಳೆಗೆ ವರ್ನಿಕೆ ರೋಗ ಪಠ್ಯಪುಸ್ತಕಗಳಲ್ಲಿ ಅಪರೂಪದ ಕಾಯಿಲೆಯಾಗಿ ಸ್ಥಾನ ಪಡೆದಿತ್ತು. ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಶವಪರೀಕ್ಷೆಗೆ ಬರುತ್ತಿದ್ದ ಮಿದುಳುಗಳನ್ನು ಕ್ರಮಬದ್ಧವಾಗಿ ಪರಿಶೀಲಿಸತೊಡಗಿದ ಹಾರ್ಪರ್ ಅವರಿಗೆ ಬೇರೆಯೇ ಚಿತ್ರ ಕಂಡಿತು. ಮಿದುಳಿನ ತಳಭಾಗದಲ್ಲಿ ಮೊಲೆತೊಟ್ಟಿನಾಕಾರದ ಎರಡು ಪುಟ್ಟ ಗಂಟುಗಳಿವೆ. ಥಯಾಮಿನ್ ಕೊರತೆಯಲ್ಲಿ ಇವು ಸೊರಗಿ ಕಂದುಗಟ್ಟುತ್ತವೆ. ಕಣ್ಣಿಗೆ ಬೀಳದ ಕಡೆ ಸೂಕ್ಷ್ಮದರ್ಶಕ ಅದನ್ನು ಹಿಡಿಯುತ್ತದೆ. 1979ರಲ್ಲಿ ಅವರು 51 ಪ್ರಕರಣಗಳನ್ನು ಪ್ರಕಟಿಸಿ ಈ ರೋಗ ತಿಳಿದುದಕ್ಕಿಂತ ಹೆಚ್ಚು ವ್ಯಾಪಕವಾಗಿದೆಯೆಂದು ವಾದಿಸಿದರು.

1986ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಅಧ್ಯಯನ ಇನ್ನೂ ಹೆಚ್ಚು ಕಳವಳಕಾರಿಯಾಗಿತ್ತು. ಶವಪರೀಕ್ಷೆಯಲ್ಲಿ ರೋಗ ಖಚಿತಪಟ್ಟ 131 ಜನರ ಆಸ್ಪತ್ರೆ ದಾಖಲೆಗಳನ್ನು ಅವರು ಹಿಂದಿರುಗಿ ನೋಡಿದರು. ಬದುಕಿದ್ದಾಗ ರೋಗವನ್ನು ಗುರುತಿಸಿದ್ದುದು ಶೇಕಡಾ 20ರಷ್ಟು ಜನರಲ್ಲಿ ಮಾತ್ರ. ವರ್ನಿಕೆ ಹೇಳಿದ್ದ ಮೂರೂ ಲಕ್ಷಣಗಳು ಒಟ್ಟಿಗೆ ದಾಖಲಾಗಿದ್ದುದು ಶೇಕಡಾ 16ರಷ್ಟು ಜನರಲ್ಲಿ. ಶೇಕಡಾ 19ರಷ್ಟು ಜನರಲ್ಲಿ ಮೂರರಲ್ಲಿ ಒಂದು ಲಕ್ಷಣವೂ ದಾಖಲಾಗಿರಲಿಲ್ಲ. ಐವರಲ್ಲಿ ನಾಲ್ವರು ಹೆಸರಿಲ್ಲದ ರೋಗದಿಂದ ಬಳಲಿ ಸತ್ತಿದ್ದರೆಂದೇ ಇದರ ಅರ್ಥ. ಅದೂ ಅಗ್ಗದ ಚುಚ್ಚುಮದ್ದೊಂದು ಬಹುಮಟ್ಟಿಗೆ ತಡೆಯಬಹುದಾಗಿದ್ದ ರೋಗ.

ಗುರುತಿಸದೆ ಹೋದುದೇಕೆ? ಪಠ್ಯಪುಸ್ತಕದ ಮೂರೂ ಲಕ್ಷಣಗಳಿಗಾಗಿ ಕಾಯುತ್ತಿದ್ದುದು ಒಂದು ಕಾರಣ. ಇನ್ನೊಂದು ಕಾರಣ ಲಕ್ಷಣಗಳ ಸ್ವರೂಪದಲ್ಲಿಯೇ ಇದೆ. ತೂರಾಟ, ತೊದಲು, ಗೊಂದಲ, ಮಂಪರುಗಳು ಅಮಲಿನ ಲಕ್ಷಣಗಳೂ ಹೌದು. ಬಾಯಿಂದ ಮದ್ಯದ ವಾಸನೆ ಬರುವವನು ತೂರಾಡಿದರೆ ಅದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯ ಯಾರಿಗೂ ತೋರುವುದಿಲ್ಲ. ಗಾದೆಯಲ್ಲಿ ಮರ ಮಾಡಿದ ಕೆಲಸವನ್ನು ಇಲ್ಲಿ ವಾಸನೆ ಮಾಡುತ್ತದೆ.

ಮುಂದೆ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಹಾರ್ಪರ್ ಅವರು ಜಿಲಿಯನ್ ಕ್ರಿಲ್ ಮೊದಲಾದವರೊಡನೆ ಇನ್ನೊಂದು ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಕೊರತೆಯನ್ನು ಬದಿಗಿಟ್ಟರೆ ಮದ್ಯ ತಾನೇ ಮಿದುಳಿಗೆ ಏನು ಮಾಡುತ್ತದೆ? 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮದ್ಯವ್ಯಸನಿಗಳ ಹಣೆಯ ಹಿಂದಿನ ಮಿದುಳ ತೊಗಟೆಯ ಮೇಲ್ಭಾಗದಲ್ಲಿ ನರಕೋಶಗಳ ಸಂಖ್ಯೆ ಶೇಕಡಾ 22ರಷ್ಟು ಕಡಿಮೆಯಿದ್ದುದು ಕಂಡುಬಂದಿತು. ಮುಂದಾಲೋಚನೆ, ಹಿಡಿತ, ತೂಗಿನೋಡುವ ಬುದ್ಧಿಗಳಿಗೆ ಸಂಬಂಧಿಸಿದ ಭಾಗವಿದು. ಅದೇ ವೇಳೆ ಮಿದುಳು ಕುಗ್ಗುವುದರಲ್ಲಿ ದೊಡ್ಡ ಪಾಲು ನರತಂತುಗಳ ಬಿಳಿಯ ಭಾಗದ್ದೆಂದೂ ಕುಡಿತ ಬಿಟ್ಟವರಲ್ಲಿ ಈ ಕುಗ್ಗುವಿಕೆ ಸ್ವಲ್ಪಮಟ್ಟಿಗೆ ಹಿಂದಿರುಗಬಲ್ಲದೆಂದೂ ಈ ಕ್ಷೇತ್ರದ ಅಧ್ಯಯನಗಳು ತಿಳಿಸಿದವು. ಸತ್ತ ನರಕೋಶ ಮರಳದು. ಸೊರಗಿದ ತಂತು ಚೇತರಿಸಿಕೊಳ್ಳಬಹುದು. ‘ಕೆಟ್ಟವನು ಕೆಟ್ಟ’ ಎಂಬ ಕೊನೆಯ ತೀರ್ಪಿಗೆ ಈ ಶಾಸ್ತ್ರದಲ್ಲಿ ಆಧಾರ ಸಾಲದು.

ಶವಾಗಾರದಲ್ಲಿ ಆರಂಭವಾದ ಈ ಕೆಲಸ ಕೊನೆಗೆ ರೊಟ್ಟಿಯ ಅಂಗಡಿಯನ್ನು ತಲುಪಿತು. ಬಿಯರಿಗೇ ಥಯಾಮಿನ್ ಸೇರಿಸಬೇಕೆಂಬ ಸಲಹೆಯೂ ಆಸ್ಟ್ರೇಲಿಯಾದಲ್ಲಿ ಚರ್ಚೆಗೆ ಬಂದಿತ್ತು. ಮದ್ಯಕ್ಕೆ ಆರೋಗ್ಯದ ಮುದ್ರೆಯೊತ್ತಿದಂತಾಗುತ್ತದೆಂಬುದು ಅದಕ್ಕೆ ಬಂದ ಆಕ್ಷೇಪಣೆಗಳಲ್ಲೊಂದು. 1991ರಿಂದ ಬ್ರೆಡ್ ತಯಾರಿಸುವ ಹಿಟ್ಟಿಗೆ ಥಯಾಮಿನ್ ಸೇರಿಸುವುದನ್ನು ಅಲ್ಲಿ ಕಡ್ಡಾಯಗೊಳಿಸಲಾಯಿತು. 1998ರಲ್ಲಿ ಹಾರ್ಪರ್ ಮತ್ತು ಸಂಗಡಿಗರು ಮತ್ತೆ ಶವಪರೀಕ್ಷೆಗಳ ಲೆಕ್ಕ ನೋಡಿದಾಗ ರೋಗದ ಪ್ರಮಾಣ ಶೇಕಡಾ 1.1ಕ್ಕೆ ಇಳಿದಿತ್ತು. ಕುಡಿಯುವವರನ್ನು ಬೈದು ತಿದ್ದಲಾಗದ ಸಂಗತಿಯೊಂದು ಎಲ್ಲರ ತಟ್ಟೆಯ ಮೂಲಕ ತಕ್ಕಮಟ್ಟಿಗೆ ತಿದ್ದುಪಾಟು ಕಂಡಿತು.

1997ರಲ್ಲಿ ಕೇನ್, ಹ್ಯಾಲಿಡೆ, ಕ್ರಿಲ್ ಮತ್ತು ಹಾರ್ಪರ್ ಮದ್ಯವ್ಯಸನಿಗಳಲ್ಲಿ ಈ ರೋಗವನ್ನು ಬದುಕಿದ್ದಾಗಲೇ ಗುರುತಿಸಲು ಹೊಸ ಅಳತೆಗೋಲನ್ನು ಮುಂದಿಟ್ಟರು. ಆಹಾರದ ಕೊರತೆ, ಕಣ್ಣಿನ ಚಲನೆಯ ದೋಷ, ನಡಿಗೆ ಮತ್ತು ಸಮತೋಲದ ದೋಷ, ಮನಸ್ಸಿನ ಗೊಂದಲ ಅಥವಾ ಮರೆವು ಎಂಬ ನಾಲ್ಕರಲ್ಲಿ ಯಾವ ಎರಡಿದ್ದರೂ ರೋಗವನ್ನು ಶಂಕಿಸಿ ಚಿಕಿತ್ಸೆ ಆರಂಭಿಸಬೇಕೆಂಬುದು ಇದರ ತಿರುಳು. ಈ ಪಟ್ಟಿಯಲ್ಲಿ ಮೊದಲ ಬಾರಿಗೆ ಊಟದ ವಿಚಾರವೂ ಲಕ್ಷಣದ ಸ್ಥಾನ ಪಡೆಯಿತೆಂಬುದನ್ನು ವಿಶೇಷವಾಗಿ ಗಮನಿಸಬೇಕು.

ಬೆಂಗಳೂರಿನ ಕೊಡುಗೆ

ಕರ್ನಾಟಕದಲ್ಲಿ ಈ ಬಗೆಯ ಅಧ್ಯಯನಕ್ಕೆ ನೆಲೆಯಾದುದು ಬೆಂಗಳೂರಿನ ನಿಮ್ಹಾನ್ಸ್. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ ಹಾಗೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು 1974ರಲ್ಲಿ ಒಂದುಗೂಡಿ ಈ ಸಂಸ್ಥೆ ರೂಪುಗೊಂಡಿತು. ಇಲ್ಲಿ ದಶಕಗಳ ಕಾಲ ನರರೋಗನಿದಾನ ಶಾಸ್ತ್ರದಲ್ಲಿ ದುಡಿದ ಡಾ. ಎಸ್. ಕೆ. ಶಂಕರ್ ಅವರು 1995ರಲ್ಲಿ ಮಾನವ ಮಿದುಳಿನ ಭಂಡಾರವನ್ನು ಕಟ್ಟಿದರು. ಕುಟುಂಬದವರ ಒಪ್ಪಿಗೆಯಿಂದ ದೊರೆತ ಮಿದುಳುಗಳನ್ನು ಶೀತಲೀಕರಿಸಿಟ್ಟು ಸಂಶೋಧಕರಿಗೆ ಒದಗಿಸುವ ವ್ಯವಸ್ಥೆಯಿದು. ಇದಕ್ಕೆ ಹೊಂದಿಕೊಂಡು ಬೆಳೆದ ಮಿದುಳು ಸಂಗ್ರಹಾಲಯದಲ್ಲಿ ಸಾಮಾನ್ಯ ಜನರೂ ರೋಗಪೀಡಿತ ಮಿದುಳುಗಳನ್ನು ಕಣ್ಣಾರೆ ನೋಡಬಹುದಾಗಿದೆ. ಸತ್ತವರ ದೇಹ ಅಖಂಡವಾಗಿಯೇ ಮಣ್ಣು ಅಥವಾ ಬೆಂಕಿಯನ್ನು ಸೇರಬೇಕೆಂಬ ನಂಬಿಕೆ ಬಲವಾಗಿರುವ ಸಮಾಜದಲ್ಲಿ ಇಂಥ ಭಂಡಾರವೊಂದು ನಿಂತುದು ಸಣ್ಣ ಸಂಗತಿಯಲ್ಲ. ಹಾರ್ಪರ್ ಅವರ 131 ಪ್ರಕರಣಗಳು ತೋರಿಸುವಂತೆ, ಬದುಕಿದ್ದವರಲ್ಲಿ ಕಾಣದೆ ಹೋದ ರೋಗವನ್ನು ಹೇಳಬಲ್ಲವರು ಕೆಲವೊಮ್ಮೆ ಸತ್ತವರು ಮಾತ್ರ.

ಮದ್ಯವ್ಯಸನದ ಪ್ರಶ್ನೆಯನ್ನು ನಿಮ್ಹಾನ್ಸ್ ಇನ್ನೊಂದು ತುದಿಯಿಂದಲೂ ಹಿಡಿಯಿತು. ಮನೋವೈದ್ಯ ಡಾ. ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ವ್ಯಸನಿಗಳ ಹತ್ತಿರದ ಗಂಡು ಸಂಬಂಧಿಗಳಲ್ಲಿ ಮಿದುಳಿನ ವಿದ್ಯುತ್ ತರಂಗವೊಂದನ್ನು ಅಳೆದು, ವ್ಯಸನದ ಅಪಾಯ ಹೆಚ್ಚಿದಂತೆ ಆ ತರಂಗದ ಎತ್ತರ ಕುಗ್ಗುತ್ತದೆಂದು 1995ರಲ್ಲಿ ತೋರಿಸಿದರು. 2007ರಲ್ಲಿ ಪ್ರಕಟವಾದ ಎಂಆರ್‌ಐ ಅಧ್ಯಯನದಲ್ಲಿ, ವ್ಯಸನ ದಟ್ಟವಾಗಿರುವ ಮನೆತನಗಳ ಹುಡುಗರಲ್ಲಿ ಅವರಿನ್ನೂ ಮದ್ಯ ಮುಟ್ಟುವ ಮೊದಲೇ ಮಿದುಳಿನ ಕೆಲವು ಭಾಗಗಳ ಗಾತ್ರ ಕಡಿಮೆಯಿರುವುದು ಕಂಡುಬಂದಿತು. ಇಂಥ ಹುಡುಗರಲ್ಲಿ ಚಂಚಲತೆ, ದುಡುಕು, ತಡೆಯಿಲ್ಲದ ವರ್ತನೆಗಳು ಹೆಚ್ಚಾಗಿರುವುದಕ್ಕೂ ಇದಕ್ಕೂ ನಂಟಿತ್ತು.

ಈ ಎರಡು ಬಗೆಯ ಸಂಶೋಧನೆಗಳನ್ನು ಒಟ್ಟಿಗಿಟ್ಟು ನೋಡುವಾಗ ಕನ್ನಡದ ಇನ್ನೊಂದು ಗಾದೆ ನೆನಪಾಗುತ್ತದೆ. ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದಂತೆ ಎಂಬ ಮಾತಿನಲ್ಲಿ ಎರಡು ಭಾಗಗಳಿವೆ. ಹೆಂಡ ಮಂಗನನ್ನು ಕೆಡಿಸಿತೆಂದು ಮಾತ್ರ ಗಾದೆ ಹೇಳುವುದಿಲ್ಲ. ಹೆಂಡಕ್ಕೆ ಮೊದಲೇ ಅಲ್ಲಿ ನಿಲ್ಲದ ಸ್ವಭಾವವೊಂದಿತ್ತೆಂದೂ ಹೇಳುತ್ತದೆ. ಮದ್ಯ ಮಿದುಳಿಗೆ ಏನು ಮಾಡಿತೆಂಬುದು ಸಿಡ್ನಿಯ ಪ್ರಶ್ನೆಯಾದರೆ, ಮದ್ಯಕ್ಕೆ ಮೊದಲು ಮಿದುಳು ಹೇಗಿತ್ತೆಂಬುದು ಬೆಂಗಳೂರಿನ ಪ್ರಶ್ನೆ. ಗಾದೆಯೇ ವಿಜ್ಞಾನವೆಂದು ವಾದಿಸುವುದು ಇಲ್ಲಿಯ ಉದ್ದೇಶವಲ್ಲ. ಗಾದೆ ಮಂಗನನ್ನು ನೋಡಿ ನಗುತ್ತದೆ. ಸಂಶೋಧನೆ ಆ ಹುಡುಗನನ್ನು ಮೊದಲ ಗುಟುಕಿಗೆ ಮುನ್ನವೇ ತಲುಪುವ ದಾರಿಯನ್ನು ಹುಡುಕುತ್ತದೆ. ವ್ಯತ್ಯಾಸವಿರುವುದು ಅಲ್ಲಿ.

ಸಿರವಾರ ಸೀಮೆಯ ಅನ್ನ ಮತ್ತು ಅಮಲು

ಈ ತಿಳಿವಳಿಕೆಗೆ ಸಿರವಾರ ಸೀಮೆಯಲ್ಲಿರುವ ಪ್ರಸ್ತುತತೆಯನ್ನು ಅಲ್ಲಿಯ ಚರಿತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. 2017ರ ಆಯವ್ಯಯದಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಸಿರವಾರವೂ ಒಂದು. ಅದಕ್ಕೆ ಮೊದಲು ಅದು ಮಾನ್ವಿ ತಾಲ್ಲೂಕಿನ ಭಾಗವಾಗಿತ್ತು. 1948ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನೆಲ. ಆ ಸಂಸ್ಥಾನದ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆದಾಯದ ಮೂಲವಾಗಿತ್ತು. ಸೇಂದಿ ಮತ್ತು ಸಾರಾಯಿಯ ಗುತ್ತಿಗೆಗಳು ಹಳ್ಳಿಯ ಆರ್ಥಿಕ ಬದುಕಿನೊಳಗೆ ಹೆಣೆದುಕೊಂಡಿದ್ದವು. ಈಚಲ ಮರ ಇಳಿಸುವ ಈಡಿಗರು, ಭಟ್ಟಿ ಇಳಿಸುವ ಕಲಾಲರು ಈ ವೃತ್ತಿಯ ಸಮುದಾಯಗಳು. ಹೆಂಡ ಮಾರುವ ಕಾಯಕದವನಾದ ಹೆಂಡದ ಮಾರಯ್ಯ ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಒಬ್ಬನೆಂಬುದನ್ನು ನೆನೆದರೆ ಈ ನೆಲದಲ್ಲಿ ಮದ್ಯದ ಸಾಮಾಜಿಕ ಚರಿತ್ರೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಗ್ರಾಮದೇವತೆಗಳ ಆರಾಧನೆಯಲ್ಲಿಯೂ ಅದಕ್ಕೆ ಸ್ಥಾನವಿದ್ದಿತು. ಆದರೆ ಜಾತ್ರೆಯ ಕುಡಿತಕ್ಕೆ ತಿಥಿಯಿದೆ, ಮೇರೆಯಿದೆ. ಅಂಗಡಿಯ ಕುಡಿತಕ್ಕೆ ಅವೆರಡೂ ಇಲ್ಲ.

ಅಮಲು ಬದಲಾದಂತೆ ಅನ್ನವೂ ಬದಲಾಯಿತು. ಈ ಸೀಮೆ ಮೂಲತಃ ಜೋಳ, ಸಜ್ಜೆ, ತೊಗರಿಯ ನಾಡು. 1950ರ ದಶಕದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು, ಮಾನ್ವಿ, ಸಿರವಾರದ ಕಪ್ಪು ಹೊಲಗಳು ಕ್ರಮೇಣ ಭತ್ತದ ಗದ್ದೆಗಳಾದವು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬಡವರ ಹಸಿವನ್ನು ನೀಗಿತು; ಜೊತೆಗೆ ರೊಟ್ಟಿಯ ಜಾಗಕ್ಕೆ ಅನ್ನವನ್ನು ಇನ್ನಷ್ಟು ತಂದಿತು. ನೂರು ಗ್ರಾಂ ಜೋಳದಲ್ಲಿ ಸುಮಾರು 0.35 ಮಿಲಿಗ್ರಾಂ ಥಯಾಮಿನ್ ಇದ್ದರೆ ಗಿರಣಿಯಲ್ಲಿ ಬೆಳ್ಳಗಾಗಿಸಿದ ಅಕ್ಕಿಯಲ್ಲಿರುವುದು ಸುಮಾರು 0.05 ಮಾತ್ರ. ಅಕ್ಕಿಯನ್ನು ಮತ್ತೆ ಮತ್ತೆ ತೊಳೆದು ಗಂಜಿ ಬಸಿದರೆ ಅದೂ ನೀರಿನೊಡನೆ ಹೋಗುತ್ತದೆ. ಪಡಿತರದ ಸಾರವರ್ಧಿತ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸುವುದು ಕಡ್ಡಾಯ. ಬಿ1 ಐಚ್ಛಿಕವಾಗಿ ಸೇರಿಸಬಹುದಾದ ಸತ್ವಗಳ ಪಟ್ಟಿಯಲ್ಲಿದೆ. ಕುಡಿಯದವನಿಗೆ ಬೇಳೆ, ಸೊಪ್ಪು, ಕಾಳುಗಳಿಂದ ಈ ಕೊರತೆ ತುಂಬೀತು. ಸಂಜೆಯ ಊಟವನ್ನೇ ಬಿಟ್ಟು ಕುಡಿಯುವವನಿಗೆ ಅದು ತುಂಬುವ ದಾರಿಯಿಲ್ಲ.

ಇದರ ಮೇಲೆ ಕಲಬೆರಕೆಯ ಸಮಸ್ಯೆ ಬೇರೆ. ರಾಯಚೂರು ಜಿಲ್ಲೆಯಲ್ಲಿ ‘ಸಿ.ಎಚ್. ಪೌಡರ್’ ಎಂದು ಹೆಸರಾದ ಕ್ಲೋರಲ್ ಹೈಡ್ರೇಟ್ ಬೆರೆಸಿದ ಸೇಂದಿ ಪದೇ ಪದೇ ಸುದ್ದಿಯಾಗಿದೆ. ಇದು ನಿದ್ರೆ ಬರಿಸುವ ಔಷಧ. ಇದಕ್ಕೆ ಒಗ್ಗಿದ ದೇಹಕ್ಕೆ ಅದು ಒಮ್ಮೆಲೇ ತಪ್ಪಿದರೆ ನಡುಕ, ಭ್ರಮೆ, ಸೆಳವುಗಳು ಕಾಣಿಸಿಕೊಳ್ಳುತ್ತವೆ. ಹೊರಗಿನವರ ಕಣ್ಣಿಗೆ ಇದು ಸಹ ‘ಕುಡುಕನ ಹುಚ್ಚು’. ಒಂದೇ ಹೆಸರಿನ ಕೆಳಗೆ ಅಮಲು, ಅಮಲು ತಪ್ಪಿದುದರ ಪರಿಣಾಮ, ಥಯಾಮಿನ್ ಕೊರತೆ ಎಂಬ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಮೂರಕ್ಕೂ ಬೇಕಾದ ಆರೈಕೆ ಬೇರೆ ಬೇರೆ.

ಹಳ್ಳಿಗಳಲ್ಲಿ ಸುಸ್ತಾಗಿ ಬಿದ್ದವನಿಗೆ ‘ಗ್ಲೂಕೋಸ್ ಬಾಟಲಿ’ ಏರಿಸುವುದು ವಾಡಿಕೆ. ಥಯಾಮಿನ್ ಬರಿದಾದ ದೇಹಕ್ಕೆ ಸಕ್ಕರೆಯನ್ನಷ್ಟೇ ಏರಿಸಿದರೆ ಉಳಿದ ಅಲ್ಪಸ್ವಲ್ಪ ಥಯಾಮಿನ್ ಕೂಡ ವ್ಯಯವಾಗಿ ಸ್ಥಿತಿ ಬಿಗಡಾಯಿಸಬಹುದು. ಆದ್ದರಿಂದಲೇ ಗ್ಲೂಕೋಸಿಗೆ ಮೊದಲು ಅಥವಾ ಅದರೊಡನೆ ಥಯಾಮಿನ್ ಕೊಡಬೇಕೆಂಬುದು ವೈದ್ಯಕೀಯ ಪಾಠ. ಪಾಠ ಚಿಕ್ಕದು, ಮದ್ದು ಅಗ್ಗದ್ದು. ಕುಡುಕನೆಂಬ ಹೆಸರಿನಲ್ಲಿ ವಿಚಾರಣೆ ಮುಗಿದುಹೋದರೆ ಎರಡೂ ಪ್ರಯೋಜನಕ್ಕೆ ಬಾರವು.

ಮಹಿಳೆಯರ ಸಾಕ್ಷ್ಯ

ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಸಾರಾಯಿಯ ಪ್ಯಾಕೆಟ್ ಹೋದ ಜಾಗಕ್ಕೆ ಅಗ್ಗದ ಕಾರ್ಖಾನೆ ಮದ್ಯ ಬಂದಿತು. ಪರವಾನಗಿಯಿಲ್ಲದ ಕಿರಾಣಿ ಅಂಗಡಿಗಳಲ್ಲಿಯೂ ಅದು ಸಿಗತೊಡಗಿತು. ಇದರ ವಿರುದ್ಧ ರಾಯಚೂರು ಜಿಲ್ಲೆಯ ಗ್ರಾಮೀಣ ಮಹಿಳೆಯರು ಸಂಘಟಿತರಾದರು. 2019ರ ಜನವರಿಯಲ್ಲಿ ರಾಯಚೂರೂ ಸೇರಿದಂತೆ ಹಲವು ಜಿಲ್ಲೆಗಳ ಸಾವಿರಾರು ಮಹಿಳೆಯರು ಮದ್ಯನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಈ ಚಳವಳಿಯನ್ನು ಕುಟುಂಬದ ದುಡಿಮೆ ಮತ್ತು ಹಿಂಸೆಗಳ ಪ್ರಶ್ನೆಯಾಗಿ ನೋಡುವುದು ರೂಢಿ. ಅದು ಸರಿಯೂ ಹೌದು. ಆದರೆ ಈ ಮಹಿಳೆಯರ ಬಳಿ ಇನ್ನೊಂದು ಬಗೆಯ ತಿಳಿವಳಿಕೆಯೂ ಇದೆ. ಅದಕ್ಕೆ ದಾಖಲೆಯ ಮನ್ನಣೆ ದೊರೆತಿಲ್ಲ.

1997ರ ಅಳತೆಗೋಲಿನ ನಾಲ್ಕು ಲಕ್ಷಣಗಳನ್ನು ಮತ್ತೊಮ್ಮೆ ಗಮನಿಸಬೇಕು. ಕಣ್ಣಿನ ಚಲನೆಯನ್ನು ವೈದ್ಯರು ಪರೀಕ್ಷಿಸಬೇಕು. ಉಳಿದ ಮೂರನ್ನು ಮೊದಲು ಬಲ್ಲವಳು ಮನೆಯಾಕೆ. ಎಷ್ಟು ದಿನದಿಂದ ತಟ್ಟೆ ಹಾಗೆಯೇ ಉಳಿದಿದೆಯೆಂಬುದು ಆಕೆಗೆ ಗೊತ್ತು. ಕುಡಿಯದ ಬೆಳಗಿನಲ್ಲಿಯೂ ಕಾಲು ತೂರಾಡುತ್ತದೆಯೇ, ನಿನ್ನೆಯ ಮಾತು ಇಂದು ನೆನಪಿದೆಯೇ ಎಂಬುದನ್ನೂ ಹೇಳಬಲ್ಲವಳು ಆಕೆಯೇ. ಕುಡಿದಾಗಿನ ತೂರಾಟಕ್ಕೂ ಕುಡಿಯದಾಗಿನ ತೂರಾಟಕ್ಕೂ ಇರುವ ಅಂತರ ರೋಗನಿದಾನದ ಕೀಲಿಕೈ. ಆ ಅಂತರವನ್ನು ದಿನವೂ ಕಾಣುವ ಕಣ್ಣು ಮನೆಯೊಳಗಿದೆ. ‘ಉಣ್ಣವಲ್ಲ’ ಎಂಬ ಆಕೆಯ ಮಾತು ಗೋಳಾಗಿ ಕೇಳಿಸಿದರೂ ಅದು ಗೋಳು ಮಾತ್ರವಲ್ಲ. ನಾಲ್ಕರಲ್ಲಿ ಒಂದು ಲಕ್ಷಣದ ವರದಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಮಾತನ್ನು ಬರೆದುಕೊಳ್ಳುವ ಕೈಯೊಂದಿದ್ದರೆ, ಶವಪರೀಕ್ಷೆಯವರೆಗೆ ಕಾಯಬೇಕಾಗಿದ್ದ ಸತ್ಯ ಮೊದಲೇ ಹೊರಬರುತ್ತದೆ.

ಕುಡಿತದ ಹಾನಿಯನ್ನು ಹಗುರಾಗಿಸುವುದು ಈ ಚರಿತ್ರೆಯ ಫಲವಲ್ಲ. ಹಾರ್ಪರ್ ಎಣಿಸಿದ ನರಕೋಶಗಳ ಲೆಕ್ಕ ಮದ್ಯದ ವಿರುದ್ಧ ಯಾವ ಉಪದೇಶಕ್ಕಿಂತಲೂ ಗಟ್ಟಿಯಾದ ಸಾಕ್ಷಿ. ಆದರೆ ತೀರ್ಪು ಬೇರೆ, ನಿದಾನ ಬೇರೆ. ಜನಪದ ಪರಂಪರೆ ಕುಡಿದವನ ನಡತೆಯನ್ನು ನಿಷ್ಠುರವಾಗಿ ಅಳೆಯಿತು; ಅದೇ ಪರಂಪರೆ, ಅಳೆಯುವವರ ಕಣ್ಣು ತಪ್ಪುವುದುಂಟೆಂದು ಈಚಲ ಮರದ ಗಾದೆಯ ಮೂಲಕ ಎಚ್ಚರಿಸಿತು. ಸಿರವಾರದ ಸಂತೆಯಲ್ಲಿ ತೂರಾಡುವವನ ತೂರಾಟಕ್ಕೆ ಕಾರಣ ಅವನು ಕುಡಿದುದೇ ಆಗಿರಬಹುದು, ಉಣ್ಣದುದೂ ಆಗಿರಬಹುದು. ಎರಡರಲ್ಲಿ ಯಾವುದೆಂದು ಕೇಳಿ ತಿಳಿಯುವ ವ್ಯವಧಾನವನ್ನು ಗಾದೆಯೂ ಬೇಡುತ್ತದೆ, ಶಾಸ್ತ್ರವೂ ಬೇಡುತ್ತದೆ.